ಬಿಟ್ಟುಹೋದ ಪಿಸ್ತೂಲ್ ಪಂದ್ಯ

ಚೆನ್ನೈನ ಮಾಂಬಲಂ ಸ್ಟೇಷನ್ನಿನಲ್ಲಿ ತಾಂಬರಂ ಕಡೆಯ ರೈಲಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅರವತ್ತರ ಆಸುಪಾಸಿನ ದಂಪತಿ ಕೂತಿದ್ದರು. ಮನೆಯ ಹಳೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಅಂಗಡಿಯಲ್ಲಿ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದಿದ್ದರು. ಆಕೆ ಅದನ್ನು ಫೋನಿಗೆ ಸಿಕ್ಕಿಸಿ ನೋಡುತ್ತಿದ್ದವರು ಮೈಸೂರು ಕನ್ನಡದಲ್ಲಿ ಸಿಡಿದರು.

“ನಿಮ್ಮಣ್ಣನ ಮದುವೆ ಊಟದ ಪಂಕ್ತಿ ಪೂರ್ತಿ ಇದೆ. ನನ್ನ ಪಿಸ್ತೂಲ್ ಪಂದ್ಯ ಎಲ್ರೀ?”

“ಅದು ಬೇಡ ಅಂತ ಅಂಗಡಿಯವರಿಗೆ ಹೇಳ್ದೆ. ನೀನು ಕೈ ಚಾಚ್ಕೊಂಡು ನಿಂತಿರ್ತೀಯ, ಅಷ್ಟೇ. ಯಾರು ನೋಡ್ತಾರೆ?”

“ಕೈ ಅಲ್ಲಾಡದೆ ನಿಲ್ಲೋದೇ ಆ ಆಟ! ಜನ ಅನ್ನ ಕಲಸೋದನ್ನ ಯಾರು ನೋಡ್ತಾರೆ?”

“ಮೆಲ್ಲಗೆ ಮಾತಾಡು ವಸುಧಾ. ಮನೆಗೆ ಹೊಸ ಸೊಸೆ ಬಂದಿದಾಳೆ. ಅತ್ತೆ ಕೈಲಿ ಪಿಸ್ತೂಲ್ ನೋಡಿದ್ರೆ ಏನಂದ್ಕೋತಾಳೆ?”

“ಹೋದ ಭಾನುವಾರ ನನ್ನ ಜೊತೆ ಶೂಟಿಂಗ್ ರೇಂಜ್‌ಗೆ ಬಂದಿದ್ಲು. ಆ ಕ್ಯಾಸೆಟ್ ನೋಡ್ಲೇಬೇಕು ಅಂತ ಹಟ ಹಿಡಿದಿರೋಳೇ ಅವಳು.”

“ನನಗೆ ಯಾರೂ ಹೇಳ್ಲೇ ಇಲ್ವಲ್ಲ.”

“ನೀವು ಯಾವತ್ತು ಕೇಳಿದ್ರಿ? ಇಷ್ಟು ವರ್ಷ ‘ಯಾಕೆ ಲೇಟು’ ಅಂದಿರಿ. ‘ಹೇಗೆ ಹೊಡೆದೆ’ ಅಂತ ಒಂದು ಸಲ ಕೇಳಿದೀರಾ? ಆ ಕ್ಯಾಸೆಟ್ ಕೊಡಿ ಇಲ್ಲಿ.”

ಆತ ತಡವರಿಸಿದರು. “ಅಂಗಡಿಯಲ್ಲೇ ಬಿಟ್ಟೆ. ಬೇಡದ್ದನ್ನ ಅವರೇ ಎಸೀತಾರಂತೆ.”

ಆಕೆ ತಟ್ಟನೆ ಎದ್ದರು. “ಬೇಡದ್ದು ಅಂತ ಹೇಳೋಕೆ ನೀವು ಯಾರ್ರೀ?”

ರೈಲು ಬಂತು. ಆಕೆ ಅತ್ತ ತಿರುಗಿಯೂ ನೋಡದೆ ಮೇಲ್ಸೇತುವೆಯ ಮೆಟ್ಟಿಲು ಹತ್ತಿದರು. ಆತ ಫೋನು ಕಿವಿಗಿಟ್ಟುಕೊಂಡು ಹಿಂದೆಯೇ ಓಡಿದರು. ಆ ಕ್ಯಾಸೆಟ್ ಎಸೆಯಬೇಡಿ, ಅದು ನನ್ನ ಹೆಂಡತಿ ಗೆದ್ದ ಪಂದ್ಯ ಎಂದು ಹರಕುಮುರುಕು ತಮಿಳಿನಲ್ಲಿ ಪ್ಲಾಟ್‌ಫಾರ್ಮಿಗೆಲ್ಲ ಕೇಳುವಂತೆ ಕೂಗುತ್ತಿದ್ದರು.