ಸಾಹುಕಾರನ ಮೀನಿನ ತೊಟ್ಟಿ

ಬೆಳಗಾವಿ ಕಡೆ ಒಬ್ಬ ಸಾಹುಕಾರ. ಹೆಸರು ಕೇಳಬೇಡಿ. ಹೆಸರು ಹೇಳಿದೆನೋ, ‘ಅವನಾ? ಅವನು ಮೊದಲಿಂದಲೂ ಹಾಗೆಯೇ’ ಎಂದು ಎಲ್ಲವನ್ನೂ ಅವನ ತಲೆಗೆ ಕಟ್ಟಿ ನೀವು ಆರಾಮಾಗಿ ಎಲೆಅಡಿಕೆ ಹಾಕಿಕೊಳ್ಳುತ್ತೀರಿ. ಇವತ್ತಿನ ಪ್ರವಚನದಲ್ಲಿ ಅಷ್ಟು ಸುಲಭಕ್ಕೆ ಬಿಡುವವನಲ್ಲ ನಾನು.

ಸಾಹುಕಾರನಿಗೆ ದೊಡ್ಡ ಬಟ್ಟೆ ಅಂಗಡಿ. ಒಬ್ಬನೇ ತಮ್ಮ. ಅಣ್ಣನ ಅಂಗಡಿಯಲ್ಲೇ ದುಡಿದವನು. ಗೋದಾಮಿನಲ್ಲಿ ಬಟ್ಟೆಯ ಗಂಟು ಇಳಿಸುವಾಗ ಏಣಿಯಿಂದ ಬಿದ್ದ. ಕುತ್ತಿಗೆಯ ಕೆಳಗೆ ಏನೂ ಆಡದಂತಾಯಿತು. ಮಾತಿದೆ, ಕಣ್ಣಿದೆ, ಅಷ್ಟೇ. ಯಾರ ಗಂಟು ಇಳಿಸಲು ಹೋಗಿ ಬಿದ್ದ? ಅಣ್ಣನ ಗಂಟು. ಇದನ್ನು ಮರೆಯಬೇಡಿ. ಅಣ್ಣ ಮರೆತ, ನೀವಾದರೂ ಮರೆಯಬೇಡಿ.

ಮಂಚದ ಮೇಲೆ ಬಿದ್ದವನಿಗೆ ಕಾಣುವುದೇನು? ಗೋಡೆ. ಬೆಳಿಗ್ಗೆ ಗೋಡೆ, ಮಧ್ಯಾಹ್ನ ಗೋಡೆ, ಸಂಜೆ ಗೋಡೆ. ಅದನ್ನು ನೋಡಿ ಒಮ್ಮೆ ಅಣ್ಣನಿಗೆ ಕರುಳು ಚುರ್ ಎಂದಿತು. ಆ ಹೊತ್ತಿನ ಪ್ರೀತಿ ಸುಳ್ಳಲ್ಲ, ನೋಡಿ. ದೊಡ್ಡದೊಂದು ಗಾಜಿನ ತೊಟ್ಟಿ ತರಿಸಿದ. ಎಂಥ ತೊಟ್ಟಿ? ಎಮ್ಮೆಯ ಕರು ಮುಳುಗಿ ಏಳಬಹುದಾದಂಥದ್ದು. ಒಳಗೆ ತಟ್ಟೆಯಗಲದ ಬಣ್ಣದ ಮೀನುಗಳು. ಮಂಚವನ್ನು ಅವುಗಳ ಕಡೆ ತಿರುಗಿಸಿದ. ಬಂದವರೆಲ್ಲ, “ಅಣ್ಣ ಅಂದ್ರ ಇಂಥಾಂವ ಇರಬೇಕು” ಎಂದರು.

ತೊಟ್ಟಿ ಕೂರಿಸಿದವನು ಹೊರಡುವಾಗ ಹೇಳಿದ: “ಸಾಹುಕಾರ್ರ, ಇವು ಬೆಚ್ಚನ್ನ ನೀರಿನ ಮೀನ. ಹಗಲೂ ರಾತ್ರಿ ಒಂದ ಸವನ ಬೆಚ್ಚಗಿರಬೇಕು. ಹೀಟರ್ ತಾನ ಹತ್ತತೈತಿ, ತಾನ ಆರತೈತಿ. ನೀವು ಬಟನ್ ಮುಟ್ಟಬ್ಯಾಡ್ರಿ.”

ಮುಟ್ಟಬೇಡಿ ಎಂದರೆ ಮುಟ್ಟದೆ ಇರುವ ಜಾತಿಯೇ ನಮ್ಮದು?

ಮನೆಯಲ್ಲಿ ಗೀಜರ್ ಹೇಗೆ ನಡೆಸುತ್ತೀರಿ, ಹೇಳಿ. ಬಟನ್ ಒತ್ತುತ್ತೀರಿ, ನೀರು ಕಾಯುತ್ತದೆ, ಬಂದ್ ಮಾಡುತ್ತೀರಿ. ಬಂದ್ ಮಾಡಲು ಮರೆತವರಿಗೆ ಮನೆಯಲ್ಲಿ ಮಂಗಳಾರತಿ. ಸಾಹುಕಾರ ಮೀನಿಗೂ ಅದನ್ನೇ ಮಾಡಿದ. ಚಳಿಗಾಲ. ಎದ್ದವನೇ ಹೀಟರ್ ಹಾಕುವನು. ಪೂಜೆ, ನಾಷ್ಟಾ ಮುಗಿಸಿ ಬಂದು ನೀರಿಗೆ ಕೈ ಇಳಿಸುವನು. ಎಲ್ಲಿ ಇಳಿಸುವನು? ಹೀಟರಿನ ಪಕ್ಕದಲ್ಲಿ! ಅಲ್ಲಿ ಬಿಸಿ ಇರದೆ ಇನ್ನೆಲ್ಲಿ ಇದ್ದೀತು? “ನೀರು ಕಾದಾವು” ಎಂದು ಆರಿಸಿ ಅಂಗಡಿಗೆ ನಡೆಯುವನು.

ತಮ್ಮ ಮಲಗಿದಲ್ಲಿಂದ ಕೂಗಿದ: “ಅಣ್ಣಾ, ಆರಸಬ್ಯಾಡೋ. ಸಂಜಿಗೆ ಅವು ಮೂಲ್ಯಾಗ ಮುದುಡಿ ಕುಂದರತಾವ.”

“ಕಾದ ನೀರು ಮತ್ತೆಷ್ಟ ಕಾಸಬೇಕಲೇ? ಮೀನಿನ ಸಾರು ಮಾಡೂದೈತೇನ?”

ಮನೆಯವರೆಲ್ಲ ನಕ್ಕರು. ತಮ್ಮನೂ ನಕ್ಕ. ಅನ್ನ ತಿನ್ನಿಸುವ ಕೈ ಅವರದು, ನಗದೆ ಏನು ಮಾಡಿಯಾನು? ನಕ್ಕು ಮುಗಿದ ಮೇಲೆ ಮೆಲ್ಲಗೆ ಅಂದ: “ನಿನಗ ಅದು ಜಳಕದ ನೀರು, ಅಣ್ಣಾ. ಅವಕ್ಕ ಮನಿ.”

ಕೇಳಿಸಿತೇ ಅಣ್ಣನಿಗೆ? ಅವನು ಚಪ್ಪಲಿ ಹುಡುಕುತ್ತಿದ್ದ.

ತಮ್ಮನನ್ನೂ ಅವನು ಹಾಗೆಯೇ ಇಟ್ಟಿದ್ದ, ನೋಡಿ. ಹಬ್ಬ ಬಂತೆಂದರೆ ಮಂಚದ ಮೇಲೆ ಕೂತು ಹೋಳಿಗೆಗೆ ತುಪ್ಪ ಸುರಿದು ತಿನ್ನಿಸುವನು. “ನೀ ನನ್ನ ಜೀವಾ ಅದೀಯಪಾ” ಎಂದು ಕೆನ್ನೆಗೆ ಕೆನ್ನೆ ಇಟ್ಟು ಅಳುವನು. ಮರುದಿನದಿಂದ ಆ ಕೋಣೆ ಅವನಿಗೆ ಬರೀ ಬಟನ್ ಇರುವ ಜಾಗ. ಬಾಗಿಲಲ್ಲಿ ಹೆಜ್ಜೆ ಸಪ್ಪಳವಾದಾಗಲೆಲ್ಲ ಆ ಬಿದ್ದವನು ತಲೆ ಎತ್ತುತ್ತಿದ್ದ. ತಲೆಯೊಂದನ್ನೇ ಅವನು ಎತ್ತಬಲ್ಲವನಾಗಿದ್ದ.

ಬೆಳಿಗ್ಗೆ ಕಾದು ಸಂಜೆಗೆ ಆರಿ, ಕಾದು ಆರಿ, ಮೀನುಗಳು ಸೋತವು. “ಅಣ್ಣಾ, ಮೈಮ್ಯಾಲ ಉಪ್ಪು ಉದುರಿಸಿದಂಗ ಬಿಳಿ ಚುಕ್ಕಿ ಎದ್ದಾವ, ನೋಡ ಬಾ” ಎಂದು ತಮ್ಮ ಕರೆದ. “ನಾಳೆ ನೋಡೂಣು” ಎಂದ ಅಣ್ಣ. ಈ ನಾಳೆ ಎಂಬ ಮಾತನ್ನು ನಮ್ಮ ಬಾಯಿಂದ ಕಿತ್ತು ಹಾಕಬೇಕು!

ಒಂದು ಬೆಳಿಗ್ಗೆ ಸಾಹುಕಾರ ಬಂದು ನೋಡಿದರೆ ಮೀನುಗಳು ಮಗ್ಗುಲಾಗಿ ತೇಲುತ್ತ, ಬಾಯಿ ತೆರೆದು ಮುಚ್ಚುತ್ತಿದ್ದವು. ಮತ್ತೆ ಕರುಳು ಚುರ್ ಎಂದಿತು. ಬಚ್ಚಲಿಗೆ ಓಡಿದ. ಗೀಜರಿನ ಸುಡುನೀರು ಬಕೆಟ್ ಬಕೆಟ್ ತಂದ.

“ಬ್ಯಾಡೋ ಅಣ್ಣಾ! ಒಮ್ಮಿಲೆ ಸುರೀಬ್ಯಾಡೋ!”

ಸುರಿದ. ಕೊನೆಯ ಉಸಿರಲ್ಲಿದ್ದ ಮೀನುಗಳು ಒಮ್ಮೆ ಚಿಮ್ಮಿ, ನಿಂತೇಬಿಟ್ಟವು. ಕಣ್ಣು ಮುಚ್ಚಿಕೊಳ್ಳುವುದು ತಮ್ಮನ ಕೈಲಾಗುತ್ತಿತ್ತು. ಅವನು ಮುಚ್ಚಲಿಲ್ಲ. ಎಲ್ಲವನ್ನೂ ನೋಡಿದ.

ಸಾಹುಕಾರ ಗೊಳೋ ಎಂದು ಅತ್ತ. “ಸುಮ್ಕಿರಪಾ, ಇದಕ್ಕಿಂತ ದೊಡ್ಡ ತೊಟ್ಟಿ ತರಸತೇನಿ” ಎಂದ.

“ಬ್ಯಾಡ ಅಣ್ಣಾ. ನನ್ನ ಮಂಚಾ ಗ್ವಾಡಿ ಕಡೆ ಹೊಳ್ಳಿಸು.”

“ಯಾಕಲೇ?”

“ಗ್ವಾಡಿ ದಿನಾ ಒಂದ ಸವನ ತಣ್ಣಗಿರತೈತಿ. ಅದರ ಮ್ಯಾಲ ಆಸೆ ಹುಟ್ಟೂದಿಲ್ಲ.”

ಹಿಂದೆ ಕೂತ ತಾಯಿ ಕೇಳುತ್ತಿದ್ದಾರೆ, “ಆ ತಮ್ಮ ಮುಂದ ಏನಾದ, ಅಪ್ಪಾರ?” ಇದ್ದಾನೆ, ತಾಯಿ. ಗೋಡೆ ನೋಡುತ್ತ ಇದ್ದಾನೆ. ಸತ್ತಿದ್ದರೆ ನೀವೆಲ್ಲ ಅಯ್ಯೋ ಪಾಪ ಎಂದು ಕಣ್ಣೊರೆಸಿಕೊಂಡು ಪ್ರಸಾದಕ್ಕೆ ಏಳುತ್ತಿದ್ದಿರಿ. ಸತ್ತಿಲ್ಲ. ನಿಮ್ಮ ಮನೆಯಲ್ಲೇ ಇದ್ದಾನೆ.

ಯಾಕೆ ತಲೆ ತಗ್ಗಿಸುತ್ತೀರಿ? ತಿಂಗಳುಗಟ್ಟಲೆ ಹೆಂಡತಿಯ ಮುಖ ನೋಡದೆ ದೀಪಾವಳಿಗೆ ಜರಿಸೀರೆ ತರುವವನು ಯಾರು? ಮಗಳನ್ನು ಊರ ಮುಂದೆ ಬೈದು, ಅವಳು ಊಟ ಬಿಟ್ಟಳೆಂದರೆ ಐಸ್‌ಕ್ರೀಮ್ ಹಿಡಿದು ಬಾಗಿಲು ತಟ್ಟುವವನು ಯಾರು? ಹೀಟರ್ ಹಾಕಿದೆವು, ನೀರು ಕಾಯಿತು, ಆರಿಸಿದೆವು! ದೇವರನ್ನೂ ಬಿಟ್ಟಿಲ್ಲ ನೀವು. ಶ್ರಾವಣದಲ್ಲಿ ಇಲ್ಲಿ ಕೂತು ಭಕ್ತಿಯಲ್ಲಿ ಕುದಿಯುತ್ತೀರಿ. ಶ್ರಾವಣ ಮುಗಿಯಲಿ, ಈ ಮಠದ ಬಾಗಿಲಲ್ಲಿ ನಾಯಿ ಮಲಗಿರುತ್ತದೆ.

ನಿಮ್ಮ ಪ್ರೀತಿ ನಿಮಗೆ ಜಳಕದ ನೀರು. ನಿಮ್ಮನ್ನೇ ನಂಬಿದವರು ಅದರೊಳಗೆ ಬದುಕುತ್ತಿದ್ದಾರೆ. ಅವರಿಗೆ ಹೊರಗೆ ಬೇರೆ ನೀರಿಲ್ಲ.

ಹಾಗಾದರೆ ಏನು ಮಾಡಬೇಕು? ಇವತ್ತು ಮನೆಗೆ ಹೋಗಿ ಯಾರನ್ನೂ ಅಪ್ಪಿಕೊಂಡು ಅಳಬೇಡಿ. ಅದು ಸುಡುನೀರು. ಪೇಡೆ ಕಟ್ಟಿಸಿಕೊಂಡು ಹೋಗಬೇಡಿ. ಅದೂ ಸುಡುನೀರೇ. ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ಊಟ ಆಯಿತೇ ಎಂದು ಕೇಳಿ, ಉತ್ತರ ಮುಗಿಯುವ ತನಕ ಮೊಬೈಲ್ ತೆಗೆಯಬೇಡಿ. ನಾಳೆಯೂ ಅಷ್ಟೇ ಹೊತ್ತು ಕೂತುಕೊಳ್ಳಿ. ಬೇಸರ ಬಂದ ದಿನವೂ ಕೂತುಕೊಳ್ಳಿ. ಜಗಳವಾಡಿದ ದಿನ ಮೊದಲು ಹೋಗಿ ಕೂತುಕೊಳ್ಳಿ. ಅವರು ಮುಖ ಗೋಡೆಗೆ ತಿರುಗಿಸಿಕೊಂಡೇ ಇರುತ್ತಾರೆ. ನಿಮ್ಮ ಕಡೆ ತಿರುಗಲಿ ಎಂದು ಕೇಳುವ ಹಕ್ಕು ನಿಮಗಿಲ್ಲ, ಇನ್ನೂ ಬಹಳ ದಿನ ಇರುವುದಿಲ್ಲ. ಆದರೂ ಕೂತುಕೊಳ್ಳಿ.

ಕುದಿಸಬೇಡಿ. ಆರಿಸಬೇಡಿ. ಬಟನ್ ಮೇಲಿನ ಕೈ ತೆಗೆಯಿರಿ.