ಒಂದೇ ಭುಜದ ತುರಿಕೆ

ಚರ್ಮದ ಡಾಕ್ಟರ ಕ್ಲಿನಿಕ್ಕಿನಲ್ಲಿ ಸರದಿ ಕಾಯುತ್ತಿದ್ದ ಟೈಲರು ಪಕ್ಕದ ಅತ್ತಿಗೆ-ನಾದಿನಿಯರ ಮಾತಿಗೆ ಕಿವಿಗೊಟ್ಟ. ಅತ್ತಿಗೆಯ ಭುಜದ ತುಂಬ ಕೆಂಪು ಗುಳ್ಳೆ, ತೊಡೆಯ ಮೇಲೆ ಹೊಸ ಫಾರಿನ್ ಬ್ಯಾಗು. ಹೊಲಿಗೆ ನೋಡಿದಾಗಲೇ ಅವನಿಗೆ ಅದರ ಜಾತಕ ಗೊತ್ತಾಗಿತ್ತು.

“ಬ್ಯಾಗಿನ ಪಟ್ಟಿ ತಾಗಿದ ಕಡೆನೇ ತುರಿಕೆ ಅಲ್ವಾ ಅತ್ತಿಗೆ?”

“ಸೋಪಿನ ಕಾಟ ಕಣೆ.”

“ಸೋಪು ಒಂದೇ ಭುಜಕ್ಕೆ ಹಚ್ಕೋತೀರಾ?”

“ಇದು ಅಸಲಿ ಮಾಲು. ಅಂಗಡಿಯವನೇ ಆಣೆ ಮಾಡಿ ಕೊಟ್ಟಿದ್ದಾನೆ.”

“ಯಾವ ಅಂಗಡಿ?”

“ಬಸ್ ಸ್ಟ್ಯಾಂಡ್ ಹತ್ರ, ಛತ್ರಿ ಕೆಳಗೆ.”

“ಹಂಗಂತ ಡಾಕ್ಟರಿಗೆ ಹೇಳಿ.”

“ಬಾಯ್ಮುಚ್ಚು. ಅವರ ಹೆಂಡತಿಗೂ ಅಲ್ಲೇ ಇಂಥದ್ದೇ ಬ್ಯಾಗು ನಾನೇ ಕೊಡಿಸಿದ್ದು.”

ನರ್ಸು ಬಾಗಿಲು ತೆರೆದಳು. “ಮುಂದಿನವರು ಬನ್ನಿ. ಆ ಬ್ಯಾಗು ಹೊರಗಿಡಿ. ನಮ್ಮ ಡಾಕ್ಟ್ರ ಮನೆಯವರಿಗೂ ಅಂಥದ್ದರಿಂದಲೇ ಗುಳ್ಳೆ ಎದ್ದಿದೆ. ಕೊಡಿಸಿದವರನ್ನ ಡಾಕ್ಟ್ರು ಹುಡುಕ್ತಿದ್ದಾರೆ.”

ಅತ್ತಿಗೆ ಬ್ಯಾಗನ್ನು ಕಂಕುಳಲ್ಲಿ ಅವುಚಿಕೊಂಡು ಮೆಟ್ಟಿಲ ಕಡೆ ನಡೆದಳು.

“ಏಳೇ, ಹೋಗೋಣ. ನಂದು ವಾಸಿಯಾಯ್ತು.”