ಹನ್ನೊಂದು ಸಿನಿಮಾಗಳಲ್ಲಿ ನನ್ನದೊಂದೇ ಚೀತ್ಕಾರ

ಮಾನ್ಯ ಅಧ್ಯಕ್ಷರೇ, ನನಗಿಂತ ಮೊದಲು ಮುಕ್ಕಾಲು ಗಂಟೆ ಮಾತಾಡಿ ದಣಿದಿರುವ ಅತಿಥಿಗಳೇ, ಅದನ್ನು ಕೇಳಿ ದಣಿದರೂ ಎದ್ದುಹೋಗದ ಸಭಿಕರೇ,

ಮೂವತ್ತೆರಡು ವರ್ಷ ದೆವ್ವದ ಚಿತ್ರಗಳಲ್ಲಿ ನಾಯಕಿಯರ ಪರವಾಗಿ ಕಿರುಚಿದವಳು ನಾನು. ಮುಖ ಅವರದು, ಗಂಟಲು ನನ್ನದು. ಅದಕ್ಕಾಗಿ ನಮ್ಮ ಧ್ವನಿ ಕಲಾವಿದರ ಸಂಘ ಇಂದು ಈ ಸ್ಮರಣಿಕೆ ಕೊಟ್ಟಿದೆ. "ಈಚಿನ ಹಾರರ್ ಚಿತ್ರಗಳ ಬಗ್ಗೆ ನಾಲ್ಕು ಮಾತಾಡಿ ಮೇಡಂ, ನೀವು ಹಳೇ ಅಭಿಮಾನಿ ಅಲ್ವಾ?" ಎಂದರು ಕಾರ್ಯದರ್ಶಿಗಳು. ಮಾತಾಡುತ್ತೇನೆ. ಆದರೆ ಎರಡು ವರ್ಷದಿಂದ ನಾನು ಒಂದು ಹಾರರ್ ಚಿತ್ರವನ್ನೂ ಪೂರ್ತಿ ನೋಡಿಲ್ಲ. ಅರ್ಧಕ್ಕೇ ಎದ್ದು ಬರುತ್ತೇನೆ. ಅದಕ್ಕೆ ಕಾರಣರಾದವರು ಇದೇ ವೇದಿಕೆಯ ಮೇಲಿದ್ದಾರೆ, ಈಗ ನೀರು ಕುಡಿಯುತ್ತಿದ್ದಾರೆ.

ನೋಡಿದ ಅರ್ಧದ ಬಗ್ಗೆ ಹೇಳುತ್ತೇನೆ. ಈಗಿನ ದೆವ್ವಗಳಿಗೆ ಏನಾಗಿದೆ ಮಹನೀಯರೇ? ಬಂದು ಮೂಲೆಯಲ್ಲಿ ನಿಲ್ಲುತ್ತವೆ. ನಿಂತೇ ಇರುತ್ತವೆ, ಬ್ಯಾಂಕಿನಲ್ಲಿ ಟೋಕನ್ ಹಿಡಿದವರ ಹಾಗೆ. ಕೊನೆಗೆ ಅದು ದೆವ್ವವೇ ಅಲ್ಲವಂತೆ, ನಾಯಕಿಯ ದುಃಖವಂತೆ! ದುಃಖ ನೋಡಲು ನಾನು ಟಿಕೆಟ್ ತೆಗೆದುಕೊಳ್ಳಬೇಕೇ? ಇನ್ನು ಆ ಕತ್ತಲು! ದೆವ್ವ ಯಾವುದು, ಬೀರು ಯಾವುದು ಒಂದೂ ತಿಳಿಯುವುದಿಲ್ಲ. ಮೊನ್ನೆ ಒಂದರಲ್ಲಿ ಗೋಡೆಗೆ ನೇತುಹಾಕಿದ ಕೋಟಿಗೆ ಹತ್ತು ನಿಮಿಷ ಹೆದರಿದೆ.

ನನ್ನಮ್ಮ ಇದ್ದಿದ್ದರೆ ಪರದೆಗೇ ಉಗಿಯುತ್ತಿದ್ದಳು. ನನಗೆ ಈ ಹುಚ್ಚು ಹಿಡಿಸಿದವಳೇ ಅವಳು. ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಕೆಲಸ. ರಜೆ ಸಿಕ್ಕಿದರೆ ಇಬ್ಬರೂ ಥಿಯೇಟರಿನ ಮುಂದಿನ ಸಾಲಿನಲ್ಲಿ. ನಾಯಕಿ ಒಬ್ಬಳೇ ನೆಲಮಾಳಿಗೆಗೆ ಇಳಿದರೆ ಸಾಕು, "ಏ ಹೋಗ್ಬೇಡ್ವೇ! ಬುದ್ಧಿ ಇಲ್ವಾ ನಿಂಗೆ? ಲೈಟಾದ್ರೂ ಹಾಕ್ಕೊಂಡು ಹೋಗು!" ಎಂದು ಕೂಗುತ್ತಿದ್ದಳು. ಜನ ದೆವ್ವವನ್ನು ಬಿಟ್ಟು ಅವಳನ್ನು ನೋಡಿ ನಗುತ್ತಿದ್ದರು. ಹೊರಗೆ ಬಂದಮೇಲೆ ನಾವಿಬ್ಬರೂ, ನೀನು ಹೆಚ್ಚು ಹೆದರಿದೆ, ನೀನು ಹೆಚ್ಚು ಹೆದರಿದೆ ಎಂದು ಜಗಳವಾಡುತ್ತ ಮನೆಗೆ ನಡೆಯುತ್ತಿದ್ದೆವು. ಅಷ್ಟು ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಈಗ ಅಧ್ಯಕ್ಷರ ವಿಷಯ. ಆಗ ಇವರು ನಮ್ಮ ಸ್ಟುಡಿಯೋದ ರೆಕಾರ್ಡಿಂಗ್ ಎಂಜಿನಿಯರು, ಈಗ ಮಾಲೀಕರು. ಈಗಷ್ಟೇ ಎಲ್ಲರೂ ಹೊಗಳಿದರಲ್ಲ, ಆ ಪ್ರಸಿದ್ಧ ಚೀತ್ಕಾರ, ಹನ್ನೊಂದು ಚಿತ್ರಗಳಲ್ಲಿ ಬಳಸಿದ್ದು, ಎಂಥ ಅಭಿನಯ ಎಂದು? ಅಭಿನಯವಂತೆ, ನನ್ನ ತಲೆ! ಎಷ್ಟೋ ವರ್ಷದ ಹಿಂದೆ ಒಂದು ಮಧ್ಯಾಹ್ನ ನಾನು ಮೈಕಿನ ಮುಂದೆ ನಿಂತಿದ್ದೆ. ಗಾಜಿನ ಆಚೆ ಇವರಿಗೆ ಫೋನ್ ಬಂತು. "ಅಕ್ಕಾ, ನಿಮ್ಮ ಮನೆಯಿಂದ... ಅಮ್ಮ ಹೋಗ್ಬಿಟ್ರಂತೆ" ಎಂದರು. ನಾನು ಕಿರುಚಿಬಿಟ್ಟೆ, ಟೇಪು ಓಡುತ್ತಲೇ ಇತ್ತು. ಗಾಬರಿಯಲ್ಲಿ ನಿಲ್ಲಿಸಲು ಮರೆತರು, ಅದಕ್ಕೆ ನಾನು ತಪ್ಪು ಹೇಳುವುದಿಲ್ಲ. ಆದರೆ ಎರಡು ವರ್ಷದ ಹಿಂದೆ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಏರಿಸುವಾಗ ಅದು ಮತ್ತೆ ಸಿಕ್ಕಿತು. ಯಾವ ದಿನದ್ದೆಂದು ಡಬ್ಬಿಯ ಮೇಲೆ ಇವರದೇ ಅಕ್ಷರದಲ್ಲಿ ಬರೆದಿತ್ತು. ಆದರೂ ಒಂದಾದ ಮೇಲೊಂದು ಸಿನಿಮಾಕ್ಕೆ ಹಾಕಿದರು.

ನಿಜ ಹೇಳಲೇ? ಥಿಯೇಟರಿನಲ್ಲಿ ಮೊದಲ ಸಲ ಕೇಳಿದಾಗ, "ಪರವಾಗಿಲ್ವೇ, ಹುಡುಗಿ ಚೆನ್ನಾಗಿ ಕಿರುಚಿದ್ದಾಳೆ" ಅಂದುಕೊಂಡೆ. ಒಂದು ಕ್ಷಣ ಕಳೆದ ಮೇಲೆ ಗುರುತು ಹತ್ತಿತು. ನಾಚಿಕೆಯಾಯಿತು ನನಗೆ. ಈಗ ಯಾವ ಚಿತ್ರಕ್ಕೆ ಹೋದರೂ ನಾಯಕಿ ಬಾಯಿ ತೆರೆಯುತ್ತಲೇ ನನ್ನಮ್ಮ ಇನ್ನೊಮ್ಮೆ ಸಾಯುತ್ತಾಳೆ.

ಅಧ್ಯಕ್ಷರೇ, ಆ ಒಂದು ಕೂಗನ್ನು ಅಳಿಸಿಬಿಡಿ. ಬೇಕಿದ್ದರೆ ಹೊಸದಾಗಿ ಇಪ್ಪತ್ತು ಕಿರುಚಿಕೊಡುತ್ತೇನೆ, ಗಂಟಲು ಇನ್ನೂ ಗಟ್ಟಿಯಾಗಿದೆ. ನೀವು ಹೂಂ ಅನ್ನುವವರೆಗೆ ನಾನು ಮೈಕು ಬಿಡುವುದಿಲ್ಲ. ಊಟ ತಡವಾದರೆ ಸಭಿಕರು ನಿಮ್ಮನ್ನೇ ಬೈಯುತ್ತಾರೆ.

ಹಾಂ, ತಲೆ ಆಡಿಸಿದರು. ಎಲ್ಲರೂ ನೋಡಿದಿರಲ್ಲ? ಕಣ್ಣೊರೆಸಿಕೊಳ್ಳುವುದು ಆಮೇಲಿರಲಿ ತಮ್ಮಾ, ಮೊದಲು ಬಾಯಿಬಿಟ್ಟು ಹೇಳು.

ಹೇಳಿದರು. ಬದುಕಿದೆ. ಮುಂದಿನ ತಿಂಗಳು ಹೊಸದೊಂದು ಬರುತ್ತದಂತೆ, ಹೋಗುತ್ತೇನೆ. ನನಗೆ ಮತ್ತೆ ಸುಮ್ಮನೆ ಹೆದರಬೇಕು ಸ್ವಾಮಿ, ಅಷ್ಟೇ.

ಇಷ್ಟು ಹೊತ್ತು ನನ್ನ ಬಾಯಿ ಸಹಿಸಿಕೊಂಡ ನಿಮಗೆಲ್ಲ ವಂದನೆ, ನಮಸ್ಕಾರ.